ಜೆರುಸಲೇಮ್‌ನಲ್ಲಿ ಐದು ದಿನ: ನಡುವೆ ಒಂದು ಶುಕ್ರವಾರ, ಒಂದು ಶನಿವಾರ, ಒಂದು ಭಾನುವಾರ

2017ರ ನವೆಂಬರ್‌ನಲ್ಲಿ ನಾನೂ ಅಕ್ಕಾನೂ ಜೆರುಸಲೇಮ್‌ಗೆ ಹೋಗಿದ್ವಿ. ಅಕ್ಕ ದಿನಾ ರಾತ್ರಿ ಮಲಗೋ ಮುಂಚೆ ನೋಟ್‌ಬುಕ್‌ನಲ್ಲಿ ಬರೀತಿದ್ಲು, ಆ ನೋಟ್‌ಬುಕ್ ಮೊನ್ನೆ ನನ್ನ ಕೈಗೆ ಸಿಕ್ತು, ಓದ್ತಾ ಓದ್ತಾ ಎಲ್ಲಾ ಮತ್ತೆ ಕಣ್ಮುಂದೆ ಬಂತು, ಅದಕ್ಕೇ ಈಗ ಕೂತು ಬರೀತಿದ್ದೀನಿ. ಹೋಗೋ ಮುಂಚೆ ಇಬ್ರೂ ಸಾಕಷ್ಟು ಓದ್ಕೊಂಡಿದ್ವಿ. ಯೆಹೂದಿಗಳು ಏನು ನಂಬ್ತಾರೆ, ಕ್ರೈಸ್ತರಿಗೆ ತ್ರಿಏಕತ್ವ ಅಂದ್ರೇನು, ಇಸ್ಲಾಂನ ಐದು ಸ್ತಂಭ ಯಾವ್ದು, ಹೀಗೆ ಪರೀಕ್ಷೆಗೆ ಓದೋ ಥರ. ಟಿಕೆಟ್ ಮಾಡುವಾಗ ಮಾತ್ರ ಅಕ್ಕ ಒಂದೇ ಹಠ ಹಿಡಿದಿದ್ಲು, ಶುಕ್ರವಾರ ಶನಿವಾರ ಭಾನುವಾರ ಮೂರೂ ದಿನ ಅಲ್ಲೇ ಇರಬೇಕು, ಮೂರು ಧರ್ಮದವರ ವಾರದ ದಿನ ಸಾಲಾಗಿ ಬರುತ್ತಲ್ಲ, ಅದನ್ನ ನೋಡಬೇಕು ಅಂತ. ಆ ಹಠ ಇಲ್ದೇ ಇದ್ದಿದ್ರೆ ನಾವು ಕಲ್ಲು ಕಟ್ಟಡ ನೋಡ್ಕೊಂಡು ವಾಪಸ್ ಬರ್ತಿದ್ವಿ ಅಷ್ಟೇ.

ಗುರುವಾರ

ಹಳೇ ಊರು ಪೂರ್ತಿ ಸೇರಿಸಿದ್ರೂ ಒಂದು ಚದರ ಕಿಲೋಮೀಟರ್ ಆಗಲ್ಲ. ಸುತ್ತ ಇರೋ ಗೋಡೆ ಆಟೊಮನ್ ಸುಲ್ತಾನ ಸುಲೇಮಾನ್ 1537ರಿಂದ 1541ರ ಹೊತ್ತಿಗೆ ಕಟ್ಟಿಸಿದ್ದು. ಒಳಗೆ ಮುಸ್ಲಿಂ, ಕ್ರೈಸ್ತ, ಆರ್ಮೇನಿಯನ್, ಯೆಹೂದಿ ಅಂತ ನಾಲ್ಕು ಕೇರಿ. ಬಾಗಿಲು ಬಾಗಿಲಲ್ಲೂ ಬಂದೂಕು ಹಿಡಿದ ಪೊಲೀಸರು, ಅದು ಮೊದಲ ದಿನ ಕಣ್ಣಿಗೆ ಚುಚ್ಚುತ್ತೆ, ಎರಡನೇ ದಿನಾನೂ ಚುಚ್ಚುತ್ತೆ.

ಬೆಳಿಗ್ಗೆ ಮೊದಲು ಪಶ್ಚಿಮ ಗೋಡೆಗೆ ಹೋದ್ವಿ. ಇದು ದೇವಾಲಯದ ಗೋಡೆ ಅಂತ ಅಂದ್ಕೊಂಡಿದ್ದೆ, ಅಲ್ಲ. ದೇವಾಲಯ ಇದ್ದ ಜಗಲಿ ಕುಸೀಬಾರ್ದು ಅಂತ ಹೆರೋದ ರಾಜನ ಕಾಲದಲ್ಲಿ ಕಟ್ಟಿದ ಆಧಾರದ ಗೋಡೆ. ದೇವಾಲಯಾನ ರೋಮನ್ನರು ಕ್ರಿ.ಶ. 70ರಲ್ಲಿ ಸುಟ್ಟು ಕೆಡವಿದ್ರು. ಅಲ್ಲಿವರೆಗೂ ಯೆಹೂದಿಗಳ ಪೂಜೆ ಅಂದ್ರೆ ಆ ಒಂದೇ ಜಾಗದಲ್ಲಿ ಪುರೋಹಿತರು ಕೊಡ್ತಿದ್ದ ಬಲಿ. ಜಾಗಾನೇ ಹೋದ್ಮೇಲೆ ಬಲಿ ನಿಂತು ಹೋಯ್ತು, ಅದರ ಜಾಗಕ್ಕೆ ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆ, ಅವರ ಧರ್ಮಗ್ರಂಥ ತೋರಾ ಓದೋದು, ಮನೆಯ ಊಟದ ಮೇಜು ಇವು ಬಂದ್ವು. ಈ ಮಾತು ಶುಕ್ರವಾರ ರಾತ್ರಿ ನಮಗೆ ಸರಿಯಾಗಿ ಅರ್ಥ ಆಯ್ತು, ಆಮೇಲೆ ಹೇಳ್ತೀನಿ.

ನಮ್ಮ ಅದೃಷ್ಟ ಅವತ್ತು ಗುರುವಾರ. ತೋರಾ ಓದೋದು ಸೋಮವಾರ, ಗುರುವಾರ, ಶನಿವಾರ. ಅದಕ್ಕೇ 13 ವರ್ಷ ತುಂಬಿದ ಹುಡುಗರು ದೊಡ್ಡವರ ಸಾಲಿಗೆ ಸೇರೋ ಬಾರ್ ಮಿತ್ಸ್ವಾ ಶಾಸ್ತ್ರಕ್ಕೆ ಸೋಮವಾರ ಗುರುವಾರ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಜಾಗ, ನಡುವೆ ಒಂದು ತಡಿಕೆ. ನಾನು ಅಲ್ಲೇ ಕೊಡೋ ಟೋಪಿ ತಲೆ ಮೇಲಿಟ್ಕೊಂಡು ಈ ಕಡೆ, ಅಕ್ಕ ಆ ಕಡೆ. ನನ್ನ ಮುಂದೆ ಒಬ್ಬ ಹುಡುಗನಿಗೆ ಅವರ ಮನೆ ಹಿರಿಯರೊಬ್ಬರು ಎಡಗೈಗೆ ಕಪ್ಪು ಚರ್ಮದ ಪಟ್ಟಿ ಸುತ್ತುತಾ ಇದ್ರು, ಒಂದು, ಎರಡು, ಮೂರು ಅಂತ ಏಳು ಸುತ್ತು. ಪಟ್ಟಿ ತುದಿಯಲ್ಲಿ ಒಂದು ಪುಟ್ಟ ಕಪ್ಪು ಡಬ್ಬಿ, ಅಂಥದ್ದೇ ಇನ್ನೊಂದು ಹಣೆ ಮೇಲೆ. ಡಬ್ಬಿ ಒಳಗೆ ಕೈಯಲ್ಲಿ ಬರೆದ ತೋರಾ ಸಾಲುಗಳು, ದೇವರು ಒಬ್ಬನೇ, ಅವನನ್ನ ಪೂರ್ಣ ಮನಸ್ಸಿಂದ ಪ್ರೀತಿಸು, ಈ ಮಾತನ್ನ ಕೈಗೆ ಕಟ್ಕೋ ಹಣೆಗೆ ಕಟ್ಕೋ ಅನ್ನೋ ಸಾಲು. ಅವರು ಅದನ್ನ ಅಕ್ಷರಶಃ ಕಟ್ಕೊಂಡಿದ್ದಾರೆ. ಹುಡುಗ ಬೆಳ್ಳಿ ಕಡ್ಡಿ ಹಿಡಿದು ಸುರುಳಿ ಓದಿದ. ಬರೀ ಬೆರಳಲ್ಲಿ ಅಕ್ಷರ ಮುಟ್ಟೋ ಹಾಗಿಲ್ಲ. ಓದಿ ಮುಗಿಸಿದ ತಕ್ಷಣ ತಡಿಕೆ ಮೇಲಿಂದ ಚಾಕ್ಲೇಟ್ ಮಳೆ! ತಲೆ ಎತ್ತಿ ನೋಡಿದ್ರೆ ಆ ಕಡೆ ಹೆಂಗಸರೆಲ್ಲಾ ಪ್ಲಾಸ್ಟಿಕ್ ಕುರ್ಚಿ ಮೇಲೆ ಹತ್ತಿ ಇಣುಕ್ತಾ ಇದ್ದಾರೆ, ಅವರ ನಡುವೆ ನಮ್ಮಕ್ಕನೂ.

"ಆ ಹುಡುಗನ ಅಜ್ಜಿ ನನ್ನ ಕೈಗೂ ಒಂದು ಹಿಡಿ ಕೊಟ್ರು ಕಣೋ, ಎಸಿ ಎಸಿ ಅಂತ ಸನ್ನೆ ಮಾಡಿದ್ರು," ಅಂದ್ಲು ಆಮೇಲೆ. ಕಣ್ಣಲ್ಲಿ ನೀರಿತ್ತು ಅವಳಿಗೆ.

ಮಧ್ಯಾಹ್ನ ಹರಮ್ ಶರೀಫ್, ದೇವಾಲಯ ಇದ್ದ ಅದೇ ಜಗಲಿ, ಈಗ ಮುಸ್ಲಿಮರ ಪವಿತ್ರ ಜಾಗ. ಮುಸ್ಲಿಮರಲ್ಲದವರಿಗೆ ಒಂದೇ ದಾರಿ, ಪಶ್ಚಿಮ ಗೋಡೆ ಪಕ್ಕದ ಮರದ ಇಳಿಜಾರು ಸೇತುವೆ, ಭಾನುವಾರದಿಂದ ಗುರುವಾರ ಮಾತ್ರ, ಅದೂ ನಮಾಜ್ ಹೊತ್ತು ಬಿಟ್ಟು. ಸೇತುವೆ ಶುರುವಲ್ಲೇ ಪ್ರಧಾನ ರಬ್ಬಿಗಳ (ಯೆಹೂದಿ ಗುರುಗಳ) ಬೋರ್ಡ್ ಇದೆ, ಈ ಜಾಗ ಎಷ್ಟು ಪವಿತ್ರ ಅಂದ್ರೆ ತೋರಾ ನಿಯಮದ ಪ್ರಕಾರ ಇಲ್ಲಿ ಯಾರೂ ಹೋಗೋ ಹಾಗಿಲ್ಲ ಅಂತ. ಅದನ್ನ ಓದ್ಕೊಂಡೇ ಮೇಲೆ ಹತ್ತಿದ್ವಿ. ಚಿನ್ನದ ಗುಮ್ಮಟದ ಕಟ್ಟಡ ಖಲೀಫ ಅಬ್ದ್ ಅಲ್ ಮಲಿಕ್ ಕಟ್ಟಿಸಿದ್ದು, ಒಳಗಿನ ಶಾಸನದಲ್ಲೇ ಹಿಜ್ರಿ 72 ಅಂತ ಇದೆ, ಅಂದ್ರೆ ಕ್ರಿ.ಶ. 691-92. ನಮಗೆ ಒಳಗೆ ಬಿಡಲ್ಲ. ಒಳಗಿರೋ ಬಂಡೆ ಮೇಲೇ ಅಬ್ರಹಾಮ ಮಗನನ್ನ ಬಲಿಗೆ ಮಲಗಿಸಿದ್ದು ಅಂತ ಯೆಹೂದಿಗಳ ನಂಬಿಕೆ. ಪ್ರವಾದಿ ಮುಹಮ್ಮದರು ಮಕ್ಕಾದಿಂದ ಒಂದೇ ರಾತ್ರಿಯಲ್ಲಿ ಇಲ್ಲಿಗೆ ಬಂದು, ಇಲ್ಲಿಂದ ಏಳು ಆಕಾಶ ದಾಟಿ ಹೋದ್ರು ಅಂತ ಮುಸ್ಲಿಮರ ನಂಬಿಕೆ. ಆ ಪ್ರಯಾಣದಲ್ಲೇ ನಮಾಜ್ ಕಡ್ಡಾಯ ಆಗಿದ್ದು. ಮೊದಲು ದಿನಕ್ಕೆ 50 ಸಲ ಅಂತ ಅಪ್ಪಣೆ ಆಯ್ತಂತೆ, ಇಳಿದು ಬರೋವಾಗ ಮೂಸಾ ಸಿಕ್ಕಿ ನಿನ್ನ ಜನಕ್ಕೆ ಇದು ಆಗಲ್ಲ, ವಾಪಸ್ ಹೋಗಿ ಕಮ್ಮಿ ಮಾಡಿಸ್ಕೊಂಡು ಬಾ ಅಂದ್ರಂತೆ, ಹಾಗೇ ಹೋಗಿ ಬಂದು ಹೋಗಿ ಬಂದು ಐದಕ್ಕೆ ಇಳೀತಂತೆ. ಮೂಸಾ ಅಂದ್ರೆ ಬೆಳಿಗ್ಗೆ ಆ ಹುಡುಗ ಯಾರ ಗ್ರಂಥ ಓದಿದ್ನೋ ಅದೇ ಮೋಶೆ. ಮದೀನಾಕ್ಕೆ ಹೋದ್ಮೇಲೂ ಸುಮಾರು 16-17 ತಿಂಗಳು ಮುಸ್ಲಿಮರು ನಮಾಜ್ ಮಾಡ್ತಿದ್ದಿದ್ದು ಜೆರುಸಲೇಮ್ ಕಡೆಗೇ ಮುಖ ಮಾಡಿ, ಕಾಬಾ ಕಡೆ ತಿರುಗಿದ್ದು ಆಮೇಲೆ.

ಗುಮ್ಮಟಕ್ಕೂ ಅಲ್ ಅಕ್ಸಾ ಮಸೀದಿಗೂ ನಡುವೆ ಒಂದು ದುಂಡಗಿನ ಕಾರಂಜಿ, ಸುತ್ತ ಕಲ್ಲಿನ ಆಸನ, ಪ್ರತಿ ಆಸನದ ಮುಂದೆ ಒಂದೊಂದು ನಲ್ಲಿ. ಒಬ್ಬ ತಾತ ಮೊಮ್ಮಗನಿಗೆ ವುಜೂ, ಅಂದ್ರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯೋದು, ಹೇಳಿಕೊಡ್ತಿದ್ರು. ಕೈ ಮೂರು ಸಲ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಲ್ಲಿ ತಲೆ, ಕಿವಿ, ಕೊನೆಗೆ ಕಾಲು. ಹುಡುಗ ಅವಸರದಲ್ಲಿ ಎಡಗೈ ಮೊದಲು ಚಾಚಿದ, ತಾತ ಏನೂ ಅನ್ನದೆ ಬಲಗೈ ಹಿಡಿದು ನಲ್ಲಿ ಕೆಳಗೆ ಇಟ್ರು. ಹಿಮ್ಮಡಿ ಒಣಗಿರೋದು ನೋಡಿ ಬೆರಳಲ್ಲಿ ತೋರಿಸಿ ಮತ್ತೆ ತೊಳೆಸಿದ್ರು. ಅಷ್ಟರಲ್ಲಿ ನಮ್ಮ ಹೊತ್ತು ಮುಗೀತು, ಪೊಲೀಸರು ಎಲ್ಲರನ್ನೂ ಹೊರಗೆ ಕಳಿಸಿದ್ರು.

ಶುಕ್ರವಾರ

ಈ ಒಂದು ದಿನ ನಾನು ಸಾಯೋವರೆಗೂ ಮರೆಯಲ್ಲ.

ಬೆಳಿಗ್ಗೆ ಹತ್ತೂವರೆಗೇ ಡಮಾಸ್ಕಸ್ ಗೇಟ್ ಹತ್ರ ಜನ ಹೊಳೆ ಥರ ಹರೀತಿದ್ರು. ಎಳ್ಳು ಹಚ್ಚಿದ ಉದ್ದುದ್ದ ಬಳೆ ಆಕಾರದ ಬ್ರೆಡ್ ಗಾಡಿಗಳು, ತರಕಾರಿ ಗುಡ್ಡೆ ಹಾಕ್ಕೊಂಡು ಕೂತ ಹಳ್ಳಿ ಹೆಂಗಸರು, ಹೆಗಲ ಮೇಲೆ ಜಾನಮಾಜ್ (ನಮಾಜ್ ಮಾಡೋ ಚಾಪೆ) ಹಾಕ್ಕೊಂಡ ಗಂಡಸರು. ಜುಮ್ಮಾ, ಅಂದ್ರೆ ಶುಕ್ರವಾರದ ನಮಾಜಿನ ಬಾಂಗ್ ಕೇಳಿದ ಮೇಲೆ ಬೀದಿ ಹಂಗೇ ಖಾಲಿ ಆಯ್ತು. ನಾವು ಮೆಟ್ಟಿಲ ಮೇಲೆ ಕೂತು ಕಾದ್ವಿ. ಲೌಡ್‌ಸ್ಪೀಕರ್‌ನಲ್ಲಿ ಖುತ್ಬಾ, ಅಂದ್ರೆ ಪ್ರವಚನ ಕೇಳಿಸ್ತಿತ್ತು, ಅರ್ಥ ಆಗ್ತಿರ್ಲಿಲ್ಲ. ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಹೊರಗೆ ಬಂದ್ರು ನೋಡಿ, ಹತ್ತು ನಿಮಿಷದಲ್ಲಿ ಅಂಗಡಿ ಶಟರ್ ಮೇಲೆ, ವ್ಯಾಪಾರ ಶುರು. ಶುಕ್ರವಾರ ಅಂದ್ರೆ ಅವರಿಗೂ ಯೆಹೂದಿಗಳ ಶನಿವಾರದ ಶಬ್ಬಾತ್ ಥರ ರಜೆ ಅಂತ ನಾನು ಅಂದ್ಕೊಂಡಿದ್ದೆ. ಕುರಾನ್‌ನ 62ನೇ ಅಧ್ಯಾಯದಲ್ಲಿ ಇರೋದೇ ಬೇರೆ: ಶುಕ್ರವಾರ ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿ, ಪ್ರಾರ್ಥನೆ ಮುಗಿದ ಮೇಲೆ ಭೂಮಿ ಮೇಲೆ ಹರಡಿ ಹೋಗಿ ಅಲ್ಲಾಹನ ಅನುಗ್ರಹ ಹುಡುಕ್ಕೊಳ್ಳಿ ಅಂತ. ದೇವರು ಲೋಕ ಸೃಷ್ಟಿ ಮಾಡಿ ದಣಿವಾರಿಸ್ಕೊಂಡ ಅನ್ನೋದನ್ನ ಇಸ್ಲಾಂ ಒಪ್ಪಲ್ಲ, ಅವನಿಗೆ ದಣಿವೇ ಇಲ್ಲ. ಹಾಗಾಗಿ ಆ ದಿನಕ್ಕೆ ಬೇಕಾದದ್ದು ಕೆಲಸ ನಿಲ್ಲಿಸೋದಲ್ಲ, ಕರೆದ ಹೊತ್ತಿಗೆ ಎದ್ದು ಬಂದು ಎಲ್ಲರ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಿಲ್ಲೋದು.

ಮೂರು ಗಂಟೆಗೆ ಅದೇ ಬೀದಿಗಳಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳ ಮೆರವಣಿಗೆ. ಪ್ರತಿ ಶುಕ್ರವಾರ ಇರುತ್ತೆ, ಯೇಸು ಶಿಲುಬೆ ಹೊತ್ತು ನಡೆದ ದಾರಿ ಅಂತ ನಂಬೋ ವಿಯಾ ಡೊಲೊರೋಸಾ, 14 ನಿಲುಗಡೆ. ಕಂದು ನಿಲುವಂಗಿ, ಸೊಂಟಕ್ಕೆ ಬಿಳಿ ಹಗ್ಗ, ಹಗ್ಗದಲ್ಲಿ ಮೂರು ಗಂಟು, ಬಡತನ, ಬ್ರಹ್ಮಚರ್ಯ, ವಿಧೇಯತೆ ಮೂರು ವ್ರತಕ್ಕೆ. ಅಕ್ಕಪಕ್ಕದಲ್ಲಿ ಮಾಂಸದ ಅಂಗಡಿ, ಮೊಬೈಲ್ ಅಂಗಡಿ, ಒಬ್ಬ ಹುಡುಗ ಕೈಗಾಡಿ ತಳ್ಕೊಂಡು ದಾರಿ ಬಿಡಿ ಅಂತ ಕೂಗ್ತಾ ಬಂದ, ಮೆರವಣಿಗೆ ಗೋಡೆಗೆ ಒತ್ತಿ ನಿಂತು ಅವನಿಗೆ ದಾರಿ ಬಿಟ್ಟು ಮತ್ತೆ ಮುಂದೆ ಸಾಗ್ತು. ಐದನೇ ನಿಲುಗಡೆ ಹತ್ರ ಗೋಡೆಯಲ್ಲಿ ಒಂದು ಕಲ್ಲಿದೆ, ಬಂದವರೆಲ್ಲಾ ಅಂಗೈ ಇಟ್ಟು ಇಟ್ಟು ಅದು ನುಣ್ಣಗೆ ಗುಳಿ ಬಿದ್ದಿದೆ. ನಾನೂ ಇಟ್ಟೆ, ತಣ್ಣಗಿತ್ತು, ಸ್ವಲ್ಪ ಜಿಡ್ಡು.

ಮೆರವಣಿಗೆ ಕೊನೇವರೆಗೂ ಇರೋಕೆ ಆಗ್ಲಿಲ್ಲ. ನವೆಂಬರ್‌ನಲ್ಲಿ ನಾಲ್ಕೂ ಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗುತ್ತೆ, ಜೆರುಸಲೇಮ್‌ನಲ್ಲಿ ಶಬ್ಬಾತ್ ದೀಪ ಹಚ್ಚೋದು ಸೂರ್ಯಾಸ್ತಕ್ಕೆ 40 ನಿಮಿಷ ಮುಂಚೆ. ನಮ್ಮ ಗೆಸ್ಟ್‌ಹೌಸ್ ಯಜಮಾನಿ ವಯಸ್ಸಾದವರು, ಶಬ್ಬಾತ್ ಶುರು ಅಂತ ಕೂಗೋ ಸೈರನ್‌ಗೆ ಮುಂಚೆ ಬನ್ನಿ ಅಂತ ರಾತ್ರಿ ಊಟಕ್ಕೆ ಕರೆದಿದ್ರು. ಓಡೋಡಿ ಹೋದ್ವಿ. ಟ್ರಾಮ್ ಆಗಲೇ ನಿಂತಿತ್ತು, ಅಂಗಡಿಯವರು ಬಾಗಿಲು ಹಾಕಿ ಆಗಿತ್ತು. ಬಾಗಿಲ ಚೌಕಟ್ಟಿನ ಮೆಜೂಜಾ (ತೋರಾ ಸಾಲು ಇಟ್ಟ ಪುಟ್ಟ ಡಬ್ಬಿ) ಹತ್ರ ನಾವು ನಿಂತಿರೋವಾಗ್ಲೇ ಊರಿಗೆಲ್ಲಾ ಕೇಳೋ ಹಾಗೆ ಸೈರನ್ ಆಯ್ತು.

ಅವರು ದೀಪ ಹಚ್ಚಿದ್ರು, ಕೈಗಳನ್ನ ಬೆಳಕಿನ ಮೇಲೆ ಆಡಿಸಿ ತಮ್ಮ ಕಡೆ ಎಳ್ಕೊಂಡು ಕಣ್ಣು ಮುಚ್ಕೊಂಡ್ರು. ಅವರ ಗಂಡ ದ್ರಾಕ್ಷಾರಸದ ಬಟ್ಟಲು ಹಿಡಿದು ಕಿದ್ದುಶ್ ಪ್ರಾರ್ಥನೆ ಹೇಳಿದ್ರು, ದೇವರು ಆರು ದಿನ ಸೃಷ್ಟಿ ಮಾಡಿ ಏಳನೇ ದಿನ ನಿಲ್ಲಿಸಿದ ಅನ್ನೋ ಮಾತು. ಆಮೇಲೆ ಎರಡು ಹಿಡಿ ಇರೋ ಚೊಂಬಿಂದ ಕೈಗೆ ನೀರು, ತೊಳೆದ ಮೇಲೆ ಬ್ರೆಡ್ ಬಾಯಿಗೆ ಹೋಗೋವರೆಗೂ ಯಾರೂ ಮಾತಾಡಲ್ಲ. ಜಡೆ ಹೆಣೆದ ಖಲ್ಲಾ ಬ್ರೆಡ್ ಎರಡು, ಮೇಲೆ ಬಟ್ಟೆ. ಎರಡು ಯಾಕೆ ಅಂದ್ರೆ ಮರುಭೂಮಿಯಲ್ಲಿ ಆಕಾಶದಿಂದ ಮನ್ನಾ ಬೀಳ್ತಿದ್ದಾಗ ಶುಕ್ರವಾರ ಮಾತ್ರ ಎರಡು ಪಾಲು ಸಿಗ್ತಿತ್ತು, ಶನಿವಾರ ಯಾರೂ ಆರಿಸೋಕೆ ಹೋಗಬಾರ್ದು ಅಂತ. ಬ್ರೆಡ್ ಮುರಿದು ಉಪ್ಪಿಗೆ ಅದ್ದಿದ್ರು. ಉಪ್ಪು ಯಾಕೆ ಅಂತ ಅಕ್ಕ ಕೇಳಿದ್ಲು. "ದೇವಾಲಯದ ಬಲಿಗೆ ಉಪ್ಪು ಹಾಕ್ತಿದ್ರು, ಈಗ ಬಲಿಪೀಠ ಇದೇ," ಅಂತ ಆ ಅಜ್ಜ ಊಟದ ಮೇಜು ತಟ್ಟಿದ್ರು. ಗುರುವಾರ ಗೋಡೆ ಮುಂದೆ ನಿಂತು ಓದಿದ್ದು ಆಗ ನಮಗೆ ನಾಟ್ತು.

ಶನಿವಾರ

ಶುಕ್ರವಾರ ರಾತ್ರೀನೇ ಒಂದು ತಪ್ಪಾಯ್ತು. ಮಲಗೋ ಮುಂಚೆ ಅಕ್ಕ ಬಚ್ಚಲಿಗೆ ಹೋಗಿ ಬರೋವಾಗ ಅಭ್ಯಾಸಬಲದಲ್ಲಿ ಪ್ಯಾಸೇಜ್ ಲೈಟ್ ಆರಿಸಿಬಿಟ್ಟಳು. ಆ ಲೈಟ್ ಇಡೀ ಶಬ್ಬಾತ್ ಉರೀಲಿ ಅಂತ ಅವರು ಹಾಕಿಟ್ಟಿದ್ದು. ಸ್ವಿಚ್ ಮುಟ್ಟೋದು ಅವರಿಗೆ ನಿಷಿದ್ಧ, ಬೆಂಕಿ ಹಚ್ಚಬೇಡಿ ಅನ್ನೋ ತೋರಾ ಮಾತನ್ನ ಕರೆಂಟಿಗೂ ಅನ್ವಯಿಸ್ತಾರೆ. ಬೇರೆ ಧರ್ಮದವರ ಹತ್ರ ಹಾಕಿ ಅಂತ ಹೇಳೋ ಹಾಗೂ ಇಲ್ಲ. ಆ ಅಜ್ಜಿ ಕತ್ತಲಲ್ಲಿ ಗೋಡೆ ತಡವ್ಕೊಂಡು ನಡೆಯೋ ಸದ್ದು ಕೇಳಿ ಅಕ್ಕನಿಗೆ ಹೊಳೀತು.

"ಅಯ್ಯೋ, ಎಂಥ ಕೆಲಸ ಮಾಡ್ದೆ ಕಣೋ. ಹೋಗಿ ಹಾಕ್ಲಾ?"

"ಹಾಕಕ್ಕ," ಅಂದೆ. ಅವಳು ಹೋಗಿ ಹಾಕಿ, ಕ್ಷಮಿಸಿ, ನಿಮಗೋಸ್ಕರ ಹಾಕಿದೀನಿ ಅಂದ್ಲು. ಅಜ್ಜಿ ಮುಖ ಬಾಡ್ತು. ಮೆಲ್ಲಗೆ ಹೇಳಿದ್ರು, ನೀವು ನಿಮಗೆ ಬೇಕಾಗಿ ಹಾಕ್ಕೊಂಡ್ರೆ ಆ ಬೆಳಕಲ್ಲಿ ನಾವೂ ಓಡಾಡಬಹುದು, ನಮಗೋಸ್ಕರ ಅಂತ ಹಾಕಿದ್ರೆ ನಾವು ಆ ಬೆಳಕು ಬಳಸೋ ಹಾಗಿಲ್ಲ. ಹಾಗಂದು ವಾಪಸ್ ಕತ್ತಲೆ ಕೋಣೆಗೆ ಹೋದ್ರು. ಅಕ್ಕ ಆ ರಾತ್ರಿ ಸರಿಯಾಗಿ ನಿದ್ದೆ ಮಾಡ್ಲಿಲ್ಲ.

ಓದಿ ತಿಳ್ಕೊಂಡಾಗ ಶಬ್ಬಾತ್ ಅಂದ್ರೆ ಬೇಡಗಳ ಪಟ್ಟಿ ಅನ್ಸಿತ್ತು. 39 ಬಗೆಯ ಕೆಲಸ ನಿಷಿದ್ಧ, ಬಿತ್ತೋದು, ಕೊಯ್ಯೋದು, ನೂಲೋದು, ಬರೆಯೋದು, ಬರೆದಿದ್ದು ಅಳಿಸೋದು, ಬೆಂಕಿ ಹಚ್ಚೋದು, ಆರಿಸೋದು. ಇವೆಲ್ಲಾ ಮರುಭೂಮಿಯಲ್ಲಿ ದೇವದರ್ಶನದ ಗುಡಾರ ಕಟ್ಟೋಕೆ ಬೇಕಾದ ಕೆಲಸಗಳು ಅಂತ ರಬ್ಬಿಗಳು ಲೆಕ್ಕ ಹಾಕಿದ್ದು, ದೇವರ ಮನೆ ಕಟ್ಟೋ ಕೆಲಸವನ್ನೇ ಆ ದಿನ ನಿಲ್ಲಿಸು ಅಂದ್ಮೇಲೆ ಬೇರೆ ಕೆಲಸದ ಮಾತೇನು. ಬೆಳಿಗ್ಗೆ ಹೊರಗೆ ಬಂದ್ರೆ ಜಾಫಾ ರಸ್ತೆಯಲ್ಲಿ ಟ್ರಾಮ್ ಹಳಿ ಮೇಲೆ ಮಕ್ಕಳು ಆಡ್ತಿದ್ದಾರೆ. ಅಷ್ಟು ದೊಡ್ಡ ಊರಲ್ಲಿ ಹೆಜ್ಜೆ ಸದ್ದು ಕೇಳ್ಸುತ್ತೆ. ಮನೇಲಿ ಹಿಂದಿನ ದಿನದಿಂದ ಬಿಸಿ ತಟ್ಟೆ ಮೇಲೆ ಇಟ್ಟ ಅಡುಗೆ. ಅಜ್ಜ ಅಜ್ಜಿ ಊಟ ಮುಗಿಸಿ ಮೂರು ಗಂಟೆ ಹೊತ್ತು ಮಾತಾಡಿದ್ರು ನಮ್ಮ ಜೊತೆ, ಒಂದು ಸಲಾನೂ ಗಡಿಯಾರ ನೋಡ್ಲಿಲ್ಲ, ಫೋನ್ ಎಲ್ಲೋ ಡ್ರಾಯರ್‌ನಲ್ಲಿ. ಆ ಥರ ಯಾರಾದ್ರೂ ನನ್ನ ಮುಖ ನೋಡ್ಕೊಂಡು ಅಷ್ಟು ಹೊತ್ತು ಮಾತಾಡಿ ಎಷ್ಟು ವರ್ಷ ಆಗಿತ್ತೋ.

ಸಂಜೆ ಎಲ್ಲರೂ ಬಾಲ್ಕನಿಗೆ ಬಂದು ನಕ್ಷತ್ರ ಹುಡುಕಿದ್ವಿ. ಮೂರು ಕಂಡ್ರೆ ಶಬ್ಬಾತ್ ಮುಗೀತು. ಹೆಣೆದ ಮೇಣದಬತ್ತಿ ಹಚ್ಚಿ ದ್ರಾಕ್ಷಾರಸ, ಲವಂಗ ಇಟ್ಟ ಪುಟ್ಟ ಡಬ್ಬಿ ಮೂಸೋದಕ್ಕೆ ಕೈಯಿಂದ ಕೈಗೆ, ಹೋಗ್ತಿರೋ ದಿನದ ವಾಸನೆ ಇನ್ನೊಂದು ಸ್ವಲ್ಪ ಉಳೀಲಿ ಅಂತ. ಬತ್ತೀನ ದ್ರಾಕ್ಷಾರಸದಲ್ಲಿ ಅದ್ದಿ ಆರಿಸಿದ್ರು. ಆಮೇಲೆ ಅಜ್ಜಿ ಪ್ಯಾಸೇಜಿಗೆ ಹೋಗಿ ತಾವೇ ಸ್ವಿಚ್ ಹಾಕಿ, ಅಕ್ಕನ ಕೆನ್ನೆ ತಟ್ಟಿ ಒಳಗೆ ಹೋದ್ರು.

ಭಾನುವಾರ

ಬೆಳಗಿನ ಜಾವ, ಇನ್ನೂ ಕತ್ತಲು, ಚಳಿ. ಪವಿತ್ರ ಸಮಾಧಿ ಚರ್ಚ್ ಅಂಗಳದಲ್ಲಿ ಹತ್ತು ಜನ ಕಾಯ್ತಿದ್ವಿ. ಈ ಚರ್ಚ್ ಬಾಗಿಲಿನ ಬೀಗದ ಕೈ ನೂರಾರು ವರ್ಷದಿಂದ ಮುಸ್ಲಿಂ ಮನೆತನದ ಹತ್ರ ಇದೆ, ಕೀಲಿ ಇಟ್ಕೊಳ್ಳೋ ಮನೆತನ ಜೌದೆ, ಬಾಗಿಲು ತೆಗೆಯೋ ಮನೆತನ ನುಸೈಬೆ. ಒಳಗಿರೋ ಪಾದ್ರಿಗಳು ಬಾಗಿಲಿನ ಕಿಂಡಿಯಿಂದ ಒಂದು ಸಣ್ಣ ಏಣಿ ಹೊರಗೆ ತಳ್ಳಿದ್ರು, ಹೊರಗಿದ್ದವರು ಅದನ್ನ ಹತ್ತಿ ಮೇಲಿನ ಬೀಗ ತೆಗೆದ್ರು. ಒಳಗೆ ಆರು ಪಂಗಡ: ಗ್ರೀಕ್ ಆರ್ಥಡಾಕ್ಸ್, ಕ್ಯಾಥೊಲಿಕ್, ಆರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್. ಯಾರು ಎಲ್ಲಿ ಯಾವ ಹೊತ್ತಿಗೆ ಪೂಜೆ, ಯಾವ ಮೆಟ್ಟಿಲು ಯಾರು ಗುಡಿಸೋದು, ಎಲ್ಲಾ ಇದ್ದಂತೆಯೇ ಇರ್ಲಿ ಅಂತ ಆಟೊಮನ್ ಸುಲ್ತಾನರು 1852ರಲ್ಲಿ ಫರ್ಮಾನು ಹೊರಡಿಸಿದ್ರು. ಮುಂಭಾಗದ ಕಿಟಕಿ ಕೆಳಗೆ ಒಂದು ಮರದ ಏಣಿ ಇದೆ, ಎಲ್ಲರ ಒಪ್ಪಿಗೆ ಇಲ್ದೆ ಏನನ್ನೂ ಕದಲಿಸೋ ಹಾಗಿಲ್ಲ ಅಂತ ಅದು ಇನ್ನೂರು ವರ್ಷಕ್ಕಿಂತ ಹೆಚ್ಚಾಗಿ ಅಲ್ಲೇ ಇದೆ.

ಒಳಗೆ ಕಾಲಿಟ್ಟ ತಕ್ಷಣ ನೆಲದಲ್ಲಿ ಕೆಂಪು ಕಲ್ಲು, ಯೇಸುವಿನ ದೇಹಕ್ಕೆ ಸುಗಂಧ ತೈಲ ಹಚ್ಚಿದ ಜಾಗ ಅಂತ. ತಲೆಗೆ ಸ್ಕಾರ್ಫ್ ಕಟ್ಟಿದ ಒಬ್ಬ ಹೆಂಗಸು ಮಂಡಿಯೂರಿ ಚೀಲದಿಂದ ಹೊಸ ಕರ್ಚೀಫುಗಳನ್ನ ಒಂದೊಂದಾಗಿ ತೆಗೆದು ಕಲ್ಲಿಗೆ ಒರೆಸಿ ಮಡಿಸಿ ಇಡ್ತಿದ್ರು, ಸುಮಾರು ಇಪ್ಪತ್ತು ಇರಬಹುದು, ಊರಲ್ಲಿ ಕಾಯ್ತಿರೋ ಇಪ್ಪತ್ತು ಜನಕ್ಕೆ.

ನಾವು ಇದನ್ನ ಸಮಾಧಿ ಚರ್ಚ್ ಅಂತೀವಿ, ಪಶ್ಚಿಮದವರೂ ಹಾಗೇ ಅಂತಾರೆ. ಗ್ರೀಕರು ಇದನ್ನ ಅನಾಸ್ತಾಸಿಸ್ ಅಂತಾರೆ, ಪುನರುತ್ಥಾನ ಅಂತ. ಭಾನುವಾರದ ಗುಟ್ಟೇ ಅದು. ಮೊದಲ ಶಿಷ್ಯರೆಲ್ಲಾ ಯೆಹೂದಿಗಳು, ಶಬ್ಬಾತ್ ಇಟ್ಕೊಂಡೇ ಬೆಳೆದವರು. ಶುಕ್ರವಾರ ಸಂಜೆ ಶಬ್ಬಾತ್ ಶುರುವಾಗೋಕೆ ಮುಂಚೆ ಅವಸರದಲ್ಲಿ ಯೇಸುವನ್ನ ಸಮಾಧಿಯಲ್ಲಿ ಇಟ್ರು, ಶನಿವಾರ ಸುಮ್ಮನಿದ್ರು, ಅದು ಮುಗಿದ ಮೇಲೆ ವಾರದ ಮೊದಲ ದಿನ ನಸುಕಲ್ಲಿ ಹೆಂಗಸರು ತೈಲ ತಗೊಂಡು ಬಂದ್ರೆ ಸಮಾಧಿ ಖಾಲಿ. ಈ ಕಥೆ ನನಗೆ ಮುಂಚೆಯಿಂದ ಗೊತ್ತಿತ್ತು, ಆದ್ರೆ ಎರಡು ದಿನ ಶುಕ್ರವಾರದ ಓಟ, ಶನಿವಾರದ ಆ ಸದ್ದಿಲ್ಲದ ಊರು ನೋಡಿದ್ಮೇಲೆ ಅದರೊಳಗಿನ ಗಡಿಯಾರ ಕಾಣಿಸ್ತು. ಮೊನ್ನೆ ಸೈರನ್‌ಗೆ ಮುಂಚೆ ಓಡಿದ್ವಲ್ಲ, ಆ ಓಟಾನೇ ಅದು.

ಸಮಾಧಿ ಗುಡಿ ಅದೇ ವರ್ಷ ಮಾರ್ಚ್‌ನಲ್ಲಷ್ಟೇ ರಿಪೇರಿ ಮುಗಿದು ತೆರೆದಿತ್ತು. ಒಂದು ಕಡೆ ಕ್ಯಾಥೊಲಿಕ್ ಆರ್ಗನ್, ಇನ್ನೊಂದು ಕಡೆ ಆರ್ಮೇನಿಯನ್ನರ ಹಾಡು, ಸಮಾಧಿ ಹಿಂದೆ ಅಂಟಿಕೊಂಡಿರೋ ಪುಟ್ಟ ಗೂಡಲ್ಲಿ ಕಾಪ್ಟಿಕ್ ಪೂಜೆ, ಎಲ್ಲಾ ಒಂದರ ಮೇಲೊಂದು ಸೇರ್ಕೊಂಡು ತಲೆ ತುಂಬುತ್ತೆ. ಎಲ್ಲರ ಪೂಜೆಯ ನಡುವಲ್ಲೂ ಇರೋದು ರೊಟ್ಟಿ ಮತ್ತು ದ್ರಾಕ್ಷಾರಸ, ಕೊನೇ ಊಟದಲ್ಲಿ ಯೇಸು ಇದು ನನ್ನ ದೇಹ ಇದು ನನ್ನ ರಕ್ತ ಅಂದ ಮಾತು. ಕ್ಯಾಥೊಲಿಕ್‌ರದ್ದು ಹುಳಿ ಇಲ್ಲದ ತೆಳು ಬಿಲ್ಲೆ, ಗ್ರೀಕರದ್ದು ಹುಳಿ ಬಂದು ಉಬ್ಬಿದ ರೊಟ್ಟಿ, ರಸದಲ್ಲಿ ನೆನೆಸಿ ಚಮಚದಲ್ಲಿ ಬಾಯಿಗೆ ಇಡ್ತಾರೆ. ಮೊನ್ನೆ ಊಟದ ಮೇಜಿನ ಮೇಲೆ ನೋಡಿದ ಅದೇ ಎರಡು ವಸ್ತು. ಅಕ್ಕ ಅದನ್ನ ನನಗಿಂತ ಮುಂಚೆ ಗುರುತಿಸಿ ನನ್ನ ತೋಳು ಹಿಂಡಿದ್ಲು.

ಹೊರಗೆ ಬಂದ್ರೆ ಎದುರಿಗೇ ಉಮರ್ ಮಸೀದಿ. ಏಳನೇ ಶತಮಾನದಲ್ಲಿ ಖಲೀಫ ಉಮರ್ ಊರಿಗೆ ಬಂದಾಗ ಚರ್ಚ್ ಒಳಗೇ ನಮಾಜ್ ಮಾಡಿ ಅಂತ ಬಿಷಪ್ ಕರೆದ್ರಂತೆ, ನಾನು ಇಲ್ಲಿ ಮಾಡಿದ್ರೆ ನಾಳೆ ನಮ್ಮವರು ಇದು ನಮ್ಮದು ಅಂತಾರೆ ಅಂತ ಹೊರಗೆ ಬಂದು ಮಾಡಿದ್ರಂತೆ. ಹೊಸ ಊರಲ್ಲಿ ಅವತ್ತು ಬಸ್ಸು ತುಂಬಾ ಆಫೀಸಿಗೆ ಹೋಗೋ ಜನ, ಅಲ್ಲಿ ಭಾನುವಾರ ಕೆಲಸದ ವಾರದ ಮೊದಲ ದಿನ.

ಸೋಮವಾರ

ಕೊನೇ ದಿನ. ಬೆಳಿಗ್ಗೆ ಹೆರೋದ್ ಗೇಟ್ ಹತ್ರ ಇರೋ ಭಾರತೀಯ ಛತ್ರ ನೋಡಿದ್ವಿ. ಪಂಜಾಬಿನ ಸೂಫಿ ಬಾಬಾ ಫರೀದ್ 1200ರ ಸುಮಾರಿಗೆ ಇಲ್ಲಿ ಬಂದು 40 ದಿನ ಧ್ಯಾನಕ್ಕೆ ಕೂತಿದ್ರು ಅಂತ ಪ್ರತೀತಿ. ಅವರ ಪದ್ಯಗಳೇ ಸಿಖ್ಖರ ಗುರು ಗ್ರಂಥ ಸಾಹಿಬ್‌ನಲ್ಲೂ ಇವೆ, ಗುರುದ್ವಾರಗಳಲ್ಲಿ ಇವತ್ತಿಗೂ ಹಾಡ್ತಾರೆ.

ಮಧ್ಯಾಹ್ನ ಆಲಿವ್ ಗುಡ್ಡ ಹತ್ತಿದ್ವಿ. ಇಳಿಜಾರಿನ ತುಂಬಾ ಯೆಹೂದಿ ಗೋರಿಗಳು, ಮೇಲೆ ಹೂವಿಲ್ಲ, ಬಂದವರು ಇಟ್ಟು ಹೋದ ಸಣ್ಣ ಸಣ್ಣ ಕಲ್ಲು. ಸತ್ತವರು ಎದ್ದು ಬರೋದು ಇಲ್ಲಿಂದಲೇ ಶುರು ಅಂತ ಅವರ ನಂಬಿಕೆ. ಎದುರಿಗೆ ಹಳೇ ಊರಿನ ಗೋಡೆಯಲ್ಲಿ ಮುಚ್ಚಿ ಹಾಕಿದ, ಚಿನ್ನದ ಬಾಗಿಲು ಅಂತ ಕರೆಯೋ ಬಾಗಿಲು, ಅದರ ಮುಂದೆ ಮುಸ್ಲಿಂ ಗೋರಿಗಳು. ಗುಡ್ಡದ ಮೇಲೆ ಯೇಸು ಸ್ವರ್ಗಕ್ಕೆ ಏರಿದ ಜಾಗ ಅಂತ ಒಂದು ಪುಟ್ಟ ಎಂಟು ಮೂಲೆಯ ಕಟ್ಟಡ. ಒಳಗೆ ಕಲ್ಲಿನಲ್ಲಿ ಪಾದದ ಗುರುತು. ಇದನ್ನ ನೋಡಿಕೊಳ್ಳೋರು ಮುಸ್ಲಿಮರು, ಅವರಿಗೂ ಈಸಾ, ಅಂದ್ರೆ ಯೇಸು, ಪ್ರವಾದಿ, ಶಿಲುಬೆ ಮೇಲೆ ಸತ್ರು ಅಂತ ಒಪ್ಪಲ್ಲ, ದೇವರ ಮಗ ಅಂತಾನೂ ಒಪ್ಪಲ್ಲ, ಆದ್ರೆ ದೇವರು ಅವರನ್ನ ತನ್ನ ಹತ್ರ ಎತ್ತಿಕೊಂಡ ಅಂತ ಒಪ್ತಾರೆ.

ನಾವು ಹೋದಾಗ ಕಾವಲಿನ ಮುದುಕರು ಬಾಗಿಲು ಅರ್ಧ ಎಳೆದು ಐದು ನಿಮಿಷ ಅಂತ ಕೈ ತೋರಿಸಿದ್ರು. ಅಸರ್, ಅಂದ್ರೆ ಮಧ್ಯಾಹ್ನದ ಮೇಲಿನ ನಮಾಜಿನ ಹೊತ್ತು. ನಮ್ಮ ಜೊತೆ ಮೂವರು ಸನ್ಯಾಸಿನಿಯರೂ ಕಾಯ್ತಿದ್ರು. ಆ ಮುದುಕರು ಅಂಗಳದ ಮೂಲೆಯಲ್ಲಿ ಚಾಪೆ ಹಾಸಿ ದಕ್ಷಿಣಕ್ಕೆ ತಿರುಗಿ ನಮಾಜ್ ಮುಗಿಸಿ, ಚಾಪೆ ಮಡಿಸಿ ಗೋಡೆಗೆ ಆನಿಸಿಟ್ಟು, ಬಾಗಿಲು ಪೂರ್ತಿ ತೆರೆದ್ರು. ಸನ್ಯಾಸಿನಿಯರು ಒಳಗೆ ಹೋಗಿ ಪಾದದ ಗುರುತಿನ ಮೇಲೆ ಬಗ್ಗಿದ್ರು. ಅಕ್ಕ ಹೊರಗೇ ನಿಂತಿದ್ಲು, "ಅವರದ್ದು ಆಗ್ಲಿ, ಆಮೇಲೆ ಹೋಗೋಣ ತಾಳೋ," ಅಂದ್ಲು. ತಾಳಿದ್ವಿ.